ಮುದ್ದೆ ಬಿಟ್ಟವರು ಸೊಪ್ಪನ್ನೇಕೆ ಬಿಡಬೇಕು?

ಸಂಪಾದಕರಿಗೆ,

ಮಾನ್ಯರೇ,

ಹಾಸನದ ಮಹಾರಾಜ ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಬರುವವರ ಮೊಬೈಲುಗಳಲ್ಲಿ ಈಗ ಒಂದು ಆಹಾರ ಪಟ್ಟಿ ಓಡಾಡುತ್ತಿದೆ. ಯಾವುದೋ ಜಿಮ್‌ನಿಂದ ಹೊರಟದ್ದೆಂದು ಹೇಳಲಾಗುವ ಆ ಪಟ್ಟಿಯಲ್ಲಿ ಮುದ್ದೆ, ಅನ್ನ, ಚಪಾತಿ, ಸಕ್ಕರೆ, ಬೆಲ್ಲಗಳನ್ನು ಬಿಡಬೇಕೆಂದಿರುವುದರಲ್ಲಿ ಹೊಸದೇನಿಲ್ಲ. ಆದರೆ ಅದರ ಕೆಳಗೆ, ಬೊಜ್ಜು ಬೇಗ ಕರಗಬೇಕಾದರೆ ತರಕಾರಿ ಮತ್ತು ಸೊಪ್ಪುಗಳನ್ನೂ ನಿಲ್ಲಿಸಬೇಕು, ಏಕೆಂದರೆ ಅವುಗಳಲ್ಲಿಯೂ ಕಾರ್ಬೋಹೈಡ್ರೇಟ್ ಇದೆ ಎಂಬ ಸೂಚನೆಯಿದೆ. ಉಳಿಯುವುದು ಮೊಟ್ಟೆ, ಕೋಳಿ, ಪನೀರ್, ತುಪ್ಪ ಮತ್ತು ಹುರಿದ ಕಡಲೆಕಾಯಿ ಬೀಜ. ನನಗೆ ಪರಿಚಯವಿರುವ ಕೆಲವರು ಇದನ್ನು ಶ್ರದ್ಧೆಯಿಂದ ಪಾಲಿಸುತ್ತಿರುವುದರಿಂದ ಈ ಪತ್ರ ಬರೆಯಬೇಕಾಯಿತು.

ಕಾರ್ಬೋಹೈಡ್ರೇಟ್ ತಗ್ಗಿಸುವ ಕ್ರಮವನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯನ್ನು ಆಧರಿಸಿ 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾವು ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ಸುಮಾರು ಶೇ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಎರಡು ಮುದ್ದೆ ಉಂಡು ಸಂಜೆಯವರೆಗೆ ಹೊಲದಲ್ಲಿ ದುಡಿದವರ ಮಕ್ಕಳು ಅದೇ ಎರಡು ಮುದ್ದೆ ಉಂಡು ಕಂಪ್ಯೂಟರಿನ ಮುಂದೆ ಕುಳಿತರೆ ಹೊಟ್ಟೆ ಬಾರದೆ ಇರುತ್ತದೆಯೇ? ಮುದ್ದೆಯನ್ನು ಅರ್ಧ ಮಾಡಿ, ಬೇಕಿದ್ದರೆ ಪೂರ್ತಿ ಬಿಡಿ, ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಆ ಪಟ್ಟಿಯ ಕೊನೆಯ ಸೂಚನೆಗೆ ಮಾತ್ರ.

ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಇಂತಹ ಮಾತನ್ನು ಲೆಕ್ಕ ಹಾಕಿ ನೋಡದೆ ಒಪ್ಪುವ ಅಭ್ಯಾಸವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕವನ್ನು ತೆರೆದರೆ, ನಾರಿನಂಶವನ್ನು ಕಳೆದು 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ, ಅಷ್ಟೇ ತೂಕದ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೋಹೈಡ್ರೇಟ್ ಕಾಣಸಿಗುತ್ತದೆ. ಎಲೆಕೋಸಿನಲ್ಲಿ ಇದು 3 ಗ್ರಾಂಗೆ ಸ್ವಲ್ಪ ಮೇಲೆ. ದಂಟು, ಮೆಂತ್ಯ ಸೊಪ್ಪುಗಳಲ್ಲಿ ಮತ್ತು ಹೀರೆ, ಸೋರೆಯಂತಹ ಕಾಯಿಗಳಲ್ಲಿ 2 ಗ್ರಾಂನ ಆಸುಪಾಸು. ಸಿಹಿಯೆಂದು ಎಲ್ಲರೂ ಹೆದರುವ ಬೀಟ್‌ರೂಟಿನಲ್ಲಿಯೂ 6 ಗ್ರಾಂನಷ್ಟೇ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಆ ಒಂದು ಮುದ್ದೆಗೆ ಸಮನಾಗಲು ಎರಡು ಕಿಲೋದಷ್ಟು ಎಲೆಕೋಸು ತಿನ್ನಬೇಕಾಗುತ್ತದೆ. ದಿನಕ್ಕೆ 20 ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ ಎಂಬ ಅತ್ಯಂತ ಬಿಗಿಯಾದ ಕೀಟೋ ಕ್ರಮದಲ್ಲಿರುವವರು ಕೂಡ ಸೊಪ್ಪು, ಹೀರೆ, ಸೋರೆ, ಕೋಸುಗಳನ್ನು ಬೆರೆಸಿ 400 ಗ್ರಾಂ ತಿಂದರೆ ಆ ಮಿತಿಯ ಅರ್ಧದ ಹತ್ತಿರಕ್ಕೆ ಮಾತ್ರ ಬರುತ್ತಾರೆ. ಆಲೂಗಡ್ಡೆಯನ್ನೂ ಅದರಂತಹ ಇತರ ಗೆಡ್ಡೆಗಳನ್ನೂ ಸೇರಿಸದೆ, ಹಣ್ಣು ತರಕಾರಿ ಒಟ್ಟಾಗಿ ದಿನಕ್ಕೆ ಕನಿಷ್ಠ 400 ಗ್ರಾಂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇಲ್ಲಿ ನೆನಪಿಗೆ ಬರುತ್ತದೆ.

ಆಲೂಗಡ್ಡೆಯ ಮಾತು ಬಂದುದರಿಂದ, ನಮ್ಮ ಜಿಲ್ಲೆಯಲ್ಲಿ ಈ ಗೊಂದಲ ಹುಟ್ಟಲು ಒಂದು ಕಾರಣವಿದೆ ಎಂಬುದನ್ನೂ ಹೇಳಬೇಕು. ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಗಾಗಿ ಎಪಿಎಂಸಿ ಅಂಗಳದಲ್ಲಿ ರೈತರು ಸಾಲುಗಟ್ಟುವ ಊರು ನಮ್ಮದು. ಇಲ್ಲಿ ಹುಳಿ, ಸಾಗು, ಪಲ್ಯ ಯಾವುದಕ್ಕೂ ನಾಲ್ಕು ಆಲೂಗಡ್ಡೆ ಹೆಚ್ಚಿ ಹಾಕದಿದ್ದರೆ ಅಡುಗೆಯಾಯಿತು ಅನಿಸುವುದಿಲ್ಲ. ನೂರು ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್ ಇದ್ದು, ಅದರಲ್ಲಿ ಬಹುಪಾಲು ಪಿಷ್ಟವೇ. ಹಾಗಾಗಿ ಬೊಜ್ಜು ಇಳಿಸುವವರು ಅದನ್ನು ಅನ್ನದ ಸಾಲಿಗೆ ಸೇರಿಸಿ ಪಕ್ಕಕ್ಕಿಟ್ಟರೆ ತಪ್ಪಿಲ್ಲ. ನಮ್ಮ ಬೆಳೆಗಾರರು ಈ ಮಾತಿಗೆ ಮುನಿಸಿಕೊಳ್ಳಬಾರದು. ಆದರೆ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅದರ ಪಕ್ಕದಲ್ಲಿ ಗುಡ್ಡೆ ಹಾಕಿದ್ದಾರೆಂಬ ಕಾರಣಕ್ಕೆ ಸೀಮೆಬದನೆ, ನವಿಲುಕೋಸು, ಮೂಲಂಗಿಗಳಿಗೂ ಅದೇ ಶಿಕ್ಷೆ ವಿಧಿಸುವುದು ನ್ಯಾಯವಲ್ಲ.

ಇನ್ನು ಬೊಜ್ಜು ಕರಗುವ ವಿಷಯ. ತರಕಾರಿಯನ್ನೂ ಬಿಟ್ಟ ಮೊದಲ ವಾರದಲ್ಲಿ ತೂಕದ ಯಂತ್ರ ಎರಡು ಮೂರು ಕಿಲೋ ಇಳಿದದ್ದನ್ನು ತೋರಿಸಿತು ಎಂದು ಸಂಭ್ರಮಿಸುವವರಿದ್ದಾರೆ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೆಲವು ನೂರು ಗ್ರಾಂ ಕಾರ್ಬೋಹೈಡ್ರೇಟ್ ಸಂಗ್ರಹವಾಗಿರುತ್ತದೆ. ಅದರ ಒಂದೊಂದು ಗ್ರಾಂ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿರುತ್ತದೆ. ಅನ್ನ, ಮುದ್ದೆ ನಿಂತೊಡನೆ ಆ ಸಂಗ್ರಹ ಖಾಲಿಯಾಗಿ ನೀರೂ ಹೊರಹೋಗುತ್ತದೆ. ಇನ್ಸುಲಿನ್ ತಗ್ಗಿದಂತೆ ಮೂತ್ರಪಿಂಡಗಳು ಉಪ್ಪನ್ನು ಹೆಚ್ಚಾಗಿ ಹೊರಹಾಕುವುದರಿಂದ ಇನ್ನಷ್ಟು ನೀರು ಹೋಗುತ್ತದೆ. ಮೊದಲ ವಾರ ಇಳಿದ ತೂಕದಲ್ಲಿ ದೊಡ್ಡ ಪಾಲು ಇದೇ. ಕೊಬ್ಬು ಇಳಿಯಿತೋ ಇಲ್ಲವೋ ತಿಳಿಯಬೇಕಾದರೆ ತಿಂಗಳುಗಟ್ಟಲೆ ಸೊಂಟಕ್ಕೆ ಟೇಪು ಹಿಡಿದು ನೋಡಬೇಕು. ಭಾರತೀಯರಿಗೆ ಎಚ್ಚರಿಕೆಯ ಗೆರೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80.

ಸಂಗ್ರಹವಾದ ಕೊಬ್ಬು ಕರಗುವುದು, ತಿಂದದ್ದಕ್ಕಿಂತ ಹೆಚ್ಚಿನ ಶಕ್ತಿಯನ್ನು ದೇಹ ಖರ್ಚು ಮಾಡುವಾಗ ಮಾತ್ರ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಕಾರ್ಬೋಹೈಡ್ರೇಟಿನಲ್ಲಿ ಮತ್ತು ಪ್ರೊಟೀನಿನಲ್ಲಿ 4. ಮುನ್ನೂರು ಗ್ರಾಂ ಎಲೆಕೋಸಿನ ಪಲ್ಯ ತಟ್ಟೆಯ ತುಂಬ ಕಂಡರೂ, ಒಗ್ಗರಣೆಯ ಎಣ್ಣೆ ಬಿಟ್ಟರೆ 75 ಕ್ಯಾಲೊರಿ ದಾಟುವುದಿಲ್ಲ. ಅದನ್ನು ಬಿಟ್ಟು ಹಸಿವಿಗೆಂದು ಟಿ.ವಿ. ಮುಂದೆ ಕುಳಿತು ಬಾಯಾಡಿಸುವ 50 ಗ್ರಾಂ ಕಡಲೆಕಾಯಿ ಬೀಜದಲ್ಲಿ 260ಕ್ಕೂ ಹೆಚ್ಚು ಕ್ಯಾಲೊರಿಯಿದೆ. ಎರಡು ದೊಡ್ಡ ಚಮಚ ತುಪ್ಪದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ದಿನಾ ಬಾಗಿಲಿಗೆ ಹೊಸ ಸೌದೆ ಬಂದು ಬೀಳುತ್ತಿದ್ದರೆ ಅಟ್ಟದ ಮೇಲಿನ ಸೌದೆಗೆ ಯಾರು ಕೈ ಹಾಕುತ್ತಾರೆ? ಕೊಬ್ಬು ಒಡೆದಾಗ ಹುಟ್ಟುವ ಕೀಟೋನ್ ರಕ್ತದಲ್ಲಿ ಎಷ್ಟೇ ಏರಲಿ, ಅದು ತಟ್ಟೆಯ ತುಪ್ಪದಿಂದ ಬಂದದ್ದಾದರೆ ಹೊಟ್ಟೆಯ ಬೊಜ್ಜು ಇದ್ದಲ್ಲೇ ಇರುತ್ತದೆ. ಕಡಿಮೆ ಕ್ಯಾಲೊರಿಯಲ್ಲಿ ಹೊಟ್ಟೆ ತುಂಬಿಸಲು ತರಕಾರಿಯಷ್ಟು ಅಗ್ಗದ ಉಪಾಯ ಬೇರೆ ಇಲ್ಲದಿರುವಾಗ, ಅದನ್ನೇ ಮೊದಲು ಕಿತ್ತುಹಾಕುವ ತರ್ಕ ನನಗಂತೂ ಅರ್ಥವಾಗುವುದಿಲ್ಲ.

ಈ ಆಹಾರಕ್ರಮದ ಚರಿತ್ರೆಯಲ್ಲಾದರೂ ತರಕಾರಿಗೆ ಬಹಿಷ್ಕಾರವಿತ್ತೇ ಎಂದು ನೋಡಿದರೆ ಅದೂ ಕಾಣುವುದಿಲ್ಲ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್, ಸಕ್ಕರೆ, ಬಿಯರ್, ಆಲೂಗಡ್ಡೆಗಳನ್ನು ತೊರೆದು ತೆಳ್ಳಗಾದ ಬಗೆಯನ್ನು 1863ರಲ್ಲಿ ಕಿರುಹೊತ್ತಿಗೆಯಾಗಿ ಪ್ರಕಟಿಸಿದಾಗ, ತನ್ನ ಮಧ್ಯಾಹ್ನದ ಊಟದಲ್ಲಿ ಆಲೂಗಡ್ಡೆಯ ಹೊರತು ಯಾವ ತರಕಾರಿಯನ್ನಾದರೂ ತಿನ್ನಬಹುದೆಂದೇ ಬರೆದುಕೊಂಡಿದ್ದ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ ಕೊಬ್ಬಿನ, ಇನ್ನೊಂದಕ್ಕೆ ಕಡಿಮೆ ಕಾರ್ಬೋಹೈಡ್ರೇಟಿನ ಆಹಾರ ಸೂಚಿಸಿ ವರ್ಷದ ಬಳಿಕ ನೋಡಿದರು. 2018ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿದಿತ್ತು. ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪಿನವರಿಗೆ ಸಮಾನವಾಗಿ ಕೊಟ್ಟ ಸಲಹೆಗಳಲ್ಲಿ ತರಕಾರಿಯನ್ನು ಧಾರಾಳವಾಗಿ ತಿನ್ನಿರೆಂಬುದೂ ಒಂದು. ಮಾಂಸ ಮಾತ್ರ ತಿಂದು ಬದುಕಿದವರಿಲ್ಲವೇ ಎಂದು ಕೇಳಿದರೆ, ಇದ್ದಾರೆ: ಉತ್ತರ ಧ್ರುವ ಪ್ರದೇಶದ ಅನ್ವೇಷಕ ಸ್ಟೆಫಾನ್ಸನ್ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ನಿಗಾದಲ್ಲಿ ಆ ಪ್ರಯೋಗ ಆರಂಭಿಸಿ ವರ್ಷವಿಡೀ ನಡೆಸಿದ. ಆದರೆ ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟ ಆರಂಭದ ದಿನಗಳಲ್ಲಿ ಕಾಯಿಲೆ ಬಿದ್ದ. ಕೊಬ್ಬು ಸೇರಿಸಿದ ಮೇಲೆ ಚೇತರಿಸಿಕೊಂಡ. ಚರ್ಮ ಸುಲಿದ ಬ್ರಾಯ್ಲರ್ ಕೋಳಿಯ ಎದೆಭಾಗವನ್ನು ಮೂರು ಹೊತ್ತು ತಿನ್ನುವವರಿಗೆ ಆತ ಮಾದರಿಯಾಗಲಾರ.

ಇಷ್ಟಾದರೂ ನಮ್ಮಲ್ಲಿ ತರಕಾರಿ ಬಿಡುವವರೆಲ್ಲ ಆ ಪಟ್ಟಿಯನ್ನು ಓದಿಯೇ ಬಿಡುತ್ತಿದ್ದಾರೆಂದು ನನಗೆ ಅನಿಸುವುದಿಲ್ಲ. ನಮ್ಮ ಸೀಮೆಯಲ್ಲಿ ಸೊಪ್ಪು ತಟ್ಟೆಗೆ ಬರುವುದೇ ಮುದ್ದೆಯ ಜೊತೆಗೆ. ಮಸ್ಸೊಪ್ಪು, ಉಪ್ಸಾರು, ಬಸ್ಸಾರು ಎಲ್ಲವೂ ಮುದ್ದೆಗೆಂದೇ ಹುಟ್ಟಿದವು. ಸಾರನ್ನು ಬರಿದೇ ಬಟ್ಟಲಿಗೆ ಹಾಕಿಕೊಟ್ಟರೆ ಉಣ್ಣುವವರು ಮುಖ ನೋಡುತ್ತಾರೆ. ಮುದ್ದೆ ಹೋದೊಡನೆ, ಯಾರೂ ತೀರ್ಮಾನಿಸದೆಯೇ, ಸಾರೂ ಅದರೊಡನೆ ಸೊಪ್ಪೂ ಹೋಗುತ್ತವೆ. ಸಕಲೇಶಪುರದ ಕಡೆ ಕಡುಬು, ಅಕ್ಕಿ ರೊಟ್ಟಿ ಬಿಟ್ಟವರ ಮನೆಯಲ್ಲಿ ಮಳೆಗಾಲದ ಕೆಸುವಿನ ಸೊಪ್ಪಿಗೂ ಕಳಲೆಗೂ ಇದೇ ಗತಿ.

ಇದಕ್ಕೆ ಉತ್ತರವೂ ಬಸ್ಸಾರಿನಲ್ಲಿಯೇ ಇದೆ ಎಂಬುದು ನನ್ನ ಅನುಭವ. ದಂಟು, ಸಬ್ಬಸಿಗೆ, ಕೀರೆ, ಹೊನಗೊನೆ, ಸಿಕ್ಕಿದ್ದೆಲ್ಲ ಸೇರಿದ ಬೆರಕೆ ಸೊಪ್ಪನ್ನು ಕಾಳಿನೊಡನೆ ಬೇಯಿಸಿ, ಕಟ್ಟನ್ನು ಬಸಿದು, ಉಳಿದ ಸೊಪ್ಪಿಗೆ ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿಯ ಒಗ್ಗರಣೆ ಕೊಟ್ಟು ಮೇಲೆ ಕಾಯಿತುರಿ ಉದುರಿಸಿದರೆ ಪಲ್ಯವಾಯಿತು. ಇದಕ್ಕೆ ಮುದ್ದೆಯ ಹಂಗಿಲ್ಲ. ಮುದ್ದೆಯ ಜಾಗದಲ್ಲಿ ಈ ಪಲ್ಯವನ್ನೇ ಬಟ್ಟಲು ತುಂಬ ಹಾಕಿಕೊಂಡು, ಪಕ್ಕದಲ್ಲಿ ಎರಡು ಮೊಟ್ಟೆಯನ್ನೋ ಮೀನನ್ನೋ ಇಟ್ಟುಕೊಂಡು, ಬಸಿದ ಕಟ್ಟಿನ ಸಾರನ್ನು ತೆಳ್ಳಗೆ ಮಾಡಿ ಲೋಟದಲ್ಲಿ ಕುಡಿಯಬಹುದು. ಉಪ್ಪು ನೀರು ಕಳೆದುಕೊಂಡು ಮೊದಲ ವಾರ ತಲೆನೋವು, ಸುಸ್ತು ಎಂದು ಮಲಗುವವರಿಗೆ ಆ ಒಂದು ಲೋಟ ಸಾರು ಎಷ್ಟೋ ವಾಸಿ. ಒಂದೇ ಎಚ್ಚರಿಕೆ ಕಾಳಿನದು: ಹುರುಳಿ, ಅಲಸಂದೆ ಕಾಳುಗಳ ಒಣ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಕಾರ್ಬೋಹೈಡ್ರೇಟೇ ಇರುವುದರಿಂದ, ಹಿಂದೆ ಎರಡು ಹಿಡಿ ಹಾಕುತ್ತಿದ್ದವರು ಒಂದು ಹಿಡಿಗೆ ಇಳಿಸಬೇಕು. ತರಕಾರಿ ಪೂರ್ತಿ ನಿಂತ ಮನೆಗಳಲ್ಲಿ ಎರಡನೆಯ ವಾರಕ್ಕೆ ಮಲಬದ್ಧತೆಯ ಔಷಧಿ ಬರುತ್ತದೆ. ರಾಗಿಯ ನಾರೂ ಹೋಗಿ ಸೊಪ್ಪಿನ ನಾರೂ ಹೋದರೆ ಇನ್ನೇನಾದೀತು? ಮೊಟ್ಟೆ, ಮಾಂಸ, ಪನೀರ್‌ಗಳಲ್ಲಿ ನಾರಿನಂಶ ಶೂನ್ಯ.

ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದವರೂ ಇದ್ದಾರೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು ಔಷಧಿಯ ಪ್ರಮಾಣವನ್ನು ಹಾಗೆಯೇ ಇಟ್ಟುಕೊಂಡು ಅನ್ನ ಮುದ್ದೆ ನಿಲ್ಲಿಸಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಲ್ಲಿ ಸೊಪ್ಪು ಹಠಾತ್ತನೆ ನಿಂತರೂ ಹಠಾತ್ತನೆ ಹೆಚ್ಚಿದರೂ ಔಷಧಿಯ ಪರಿಣಾಮ ಏರುಪೇರಾಗುತ್ತದೆ, ಏಕೆಂದರೆ ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಔಷಧಿಗೆ ಎದುರಾಗಿ ಕೆಲಸ ಮಾಡುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಪೊಟ್ಯಾಸಿಯಂ ಕಾರಣದಿಂದ ವೈದ್ಯರೇ ಕೆಲವು ತರಕಾರಿಗಳನ್ನು ಮಿತಗೊಳಿಸಿರಬಹುದು. ಅಂಥವರಿಗೆ ನನ್ನ ಮಾತು ಅನ್ವಯಿಸುವುದಿಲ್ಲ.

ಕೊನೆಯದಾಗಿ ನಮ್ಮ ಊರಿನ ಹೋಟೆಲು, ಮೆಸ್ಸುಗಳವರಲ್ಲಿ ಒಂದು ಕೋರಿಕೆ. ಹೊರಗೆ ಉಣ್ಣುವ ಕಚೇರಿ ನೌಕರರಿಗೆ, ವಿದ್ಯಾರ್ಥಿಗಳಿಗೆ ಈಗ ಸಿಗುವ ಊಟದ ತಟ್ಟೆಯಲ್ಲಿ ಅನ್ನಕ್ಕೆ ಲೆಕ್ಕವಿಲ್ಲ. ಪಲ್ಯ ಮಾತ್ರ ಎರಡು ಚಮಚ, ಇನ್ನೊಮ್ಮೆ ಕೇಳಿದರೆ ಬಡಿಸುವವರ ಹುಬ್ಬು ಏರುತ್ತದೆ. ತರಕಾರಿಯ ಬೆಲೆ ಏರಿಳಿಯುವುದು ನನಗೂ ತಿಳಿದಿದೆ, ಉಚಿತವಾಗಿ ಯಾರೂ ಕೊಡಬೇಕಿಲ್ಲ. ಇಡ್ಲಿ ವಡೆಗೆ ಬೆಲೆ ಬರೆದು ಹಾಕಿದಂತೆಯೇ ಅಂದಿನ ಪಲ್ಯವನ್ನೂ ದೊಡ್ಡ ಬಟ್ಟಲಿನ ಲೆಕ್ಕದಲ್ಲಿ ಬೋರ್ಡಿನ ಮೇಲೆ ಬರೆದು, ಅನ್ನ ಬೇಡವೆಂದವರಿಗೆ ಅದನ್ನೇ ಪ್ರತ್ಯೇಕವಾಗಿ ಮಾರಲಿ, ಕೊಳ್ಳುವವರು ಇದ್ದೇವೆ.

ಇತಿ,
ನಿವೃತ್ತ ಉಪನ್ಯಾಸಕಿ, ಹಾಸನ