ಒಲ್ಲದ ಮಾತಿಗೆ ಕಿವಿಗೊಡು

ಚಿ. ಪ್ರಸನ್ನನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. "ಉದಾರವಾದ ಅಂದರೆ ಹೊಟ್ಟೆ ತುಂಬಿದವರ ಹರಟೆ, ಅದರ ಕಾಲ ಮುಗೀತು ದೊಡ್ಡಪ್ಪಾ" ಅಂತ ಬರೆದಿದ್ದೀಯ. ಕೋಪವೇನೂ ಬರಲಿಲ್ಲ, ಆದರೆ ಓದಿ ಮಡಚಿಡುವುದಕ್ಕೂ ಮನಸ್ಸಾಗಲಿಲ್ಲ.

ಪ್ರತಿಯೊಬ್ಬರಿಗೂ ತಮ್ಮ ನಂಬಿಕೆ, ಮಾತು, ಬದುಕಿನ ಸ್ವಾತಂತ್ರ್ಯ ಇರಬೇಕು ಅನ್ನುವ ಈ ಉದಾರವಾದ ಹುಟ್ಟಿದ್ದು ಪ್ರಾಣಭಯದಲ್ಲಿ ಕಣೋ. ಒಬ್ಬನೇ ದೇವರನ್ನು ಬೇರೆ ಬೇರೆ ರೀತಿಯಲ್ಲಿ ಪೂಜಿಸುತ್ತಿದ್ದ ಯುರೋಪಿನ ಜನ ತಲೆಮಾರುಗಟ್ಟಲೆ ಒಬ್ಬರನ್ನೊಬ್ಬರು ಕೊಂದುಕೊಂಡರು. ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಬೇರೆ ಮತದವರನ್ನು ಸಹಿಸುವ ಸಹಿಷ್ಣುತೆಯ ಬಗ್ಗೆ ಬರೆದದ್ದು ಇಂಗ್ಲೆಂಡ್ ಬಿಟ್ಟು ಓಡಿ ಹಾಲೆಂಡಿನಲ್ಲಿ ಅಡಗಿದ್ದಾಗ. 1689ರಲ್ಲಿ ಅದು ಅಚ್ಚಾದಾಗ ಮೇಲೆ ಅವನ ಹೆಸರೇ ಇರಲಿಲ್ಲ. ಸರ್ಕಾರ ಮನುಷ್ಯನನ್ನು ಕಟ್ಟಿಹಾಕಬಹುದು, ಅವನೊಳಗೆ ನಂಬಿಕೆ ಹುಟ್ಟಿಸಲಾರದು ಅನ್ನುವುದೇ ಅದರ ತಿರುಳು.

ಇನ್ನೊಂದು ಸಂಗತಿ ಹೇಳುತ್ತೇನೆ, ನಿಧಾನವಾಗಿ ಓದು. ಫ್ರಾನ್ಸಿನ ಟುಲೂಸ್‌ನಲ್ಲಿ ಜಾಂ ಕಲಾಸ್ ಅಂತ ಬಟ್ಟೆ ವ್ಯಾಪಾರಿ ಇದ್ದ; ಕ್ಯಾಥೊಲಿಕ್ಕರೇ ತುಂಬಿದ್ದ ಊರಿನಲ್ಲಿ ಪ್ರಾಟೆಸ್ಟೆಂಟ್ ಅನ್ನುವ ಇನ್ನೊಂದು ಕ್ರೈಸ್ತ ಪಂಗಡದವನು. 1761ರ ಒಂದು ರಾತ್ರಿ ಅವನ ಮಗ ಅಂಗಡಿಯಲ್ಲೇ ಹೆಣವಾಗಿ ಸಿಕ್ಕ. ಮಗ ಕ್ಯಾಥೊಲಿಕ್ ಆಗಲು ಹೊರಟಿದ್ದಕ್ಕೆ ಅಪ್ಪನೇ ಕೊಂದ ಅಂತ ಗುಂಪಿನಲ್ಲಿ ಯಾರೋ ಕೂಗಿದರು. ಆ ಕೂಗೇ ಮೊಕದ್ದಮೆಯಾಯಿತು. ಮರುವರ್ಷ ಮಾರ್ಚ್‌ನಲ್ಲಿ ಅರವತ್ತು ದಾಟಿದ ಆ ಮನುಷ್ಯನ ಕೈಕಾಲು ಮುರಿದು ಕೊಂದರು. ಕೊನೆಯವರೆಗೂ ಅವನು ತಪ್ಪೊಪ್ಪಿಕೊಳ್ಳಲಿಲ್ಲ. ಫ್ರಾನ್ಸಿನ ಹೆಸರಾಂತ ಲೇಖಕ ವಾಲ್ಟೇರ್ ಕೂಡ ಮೊದಲು ಸುದ್ದಿಯನ್ನು ನಂಬಿದ್ದವನೇ. ಆಮೇಲೆ ಕಲಾಸನ ಕಿರಿಯ ಮಗನನ್ನು ಎದುರು ಕೂರಿಸಿಕೊಂಡು ವಿಚಾರಿಸಿದ, ಮನಸ್ಸು ಬದಲಾಯಿಸಿಕೊಂಡ, ಪಟ್ಟು ಬಿಡದೆ ಬರೆದ. 1765ರಲ್ಲಿ ಕಲಾಸ್ ನಿರ್ದೋಷಿ ಅಂತ ತೀರ್ಪಾಯಿತು. ವಾಲ್ಟೇರನ ಜಾಣ ಮಾತುಗಳಿಗಿಂತ, ನಂಬಿದ್ದನ್ನು ಮತ್ತೆ ಕೆದಕಿ ನೋಡಿದ ಆ ಗುಣ ನನಗೆ ದೊಡ್ಡದು.

ಈ ಉದಾರವಾದಿಗಳ ಕುಂದುಗಳನ್ನು ಮುಚ್ಚಿಡುವುದಿಲ್ಲ. ಲಾಕ್ ತನ್ನ ಸಹಿಷ್ಣುತೆಯಿಂದ ನಾಸ್ತಿಕರನ್ನು ಹೊರಗಿಟ್ಟ; ಗುಲಾಮರ ವ್ಯಾಪಾರ ಮಾಡುವ ಕಂಪನಿಯಲ್ಲಿ ಅವನ ಷೇರಿತ್ತು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ಮಾಡಿದವನು. ಸ್ವಾತಂತ್ರ್ಯದ ಬಗ್ಗೆ 1859ರಲ್ಲಿ ತಂದ ಪುಸ್ತಕದಲ್ಲೇ, 'ಹಿಂದುಳಿದ' ಜನರಿಗೆ ನಿರಂಕುಶ ಆಡಳಿತ ಸರಿ ಅಂತ ಬರೆದ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅದೇ ಮಿಲ್ 1867ರಲ್ಲಿ ಹೆಂಗಸರಿಗೂ ಮತ ಕೊಡಿ ಅಂತ ಪಾರ್ಲಿಮೆಂಟಿನಲ್ಲಿ ಎದ್ದು ನಿಂತ, ಸೋತ. ಇವರು ಹೊರಗಿಟ್ಟ ಜನ ಕೊನೆಗೆ ಒಳಗೆ ಬಂದದ್ದು ಇವರ ಮಾತನ್ನೇ ಹಿಡಿದು: ಎಲ್ಲರೂ ಸಮಾನರು ಅಂದಿರಲ್ಲ, ನಾವು ಆ ಎಲ್ಲರಲ್ಲಿ ಇಲ್ಲವೇ ಅಂತ ಕೇಳಿ.

ಕಾನೂನಿಗಿಂತ ಸುತ್ತಲಿನವರ ದಬ್ಬಾಳಿಕೆ ಬದುಕಿನೊಳಕ್ಕೆ ಆಳವಾಗಿ ಇಳಿಯುತ್ತದೆ ಅಂತಲೂ ಮಿಲ್ ಬರೆದ. ಫೋನ್ ತೆರೆದರೆ ನೀನು ದಿನಾ ನೋಡುವುದು ಅದನ್ನೇ ಅಲ್ಲವೇ?

ನಾನೂ ಅದನ್ನು ಮಾಡಿದ್ದೇನೆ. ನೌಕರರ ಸಂಘದ ಸಭೆಯಲ್ಲಿ ಒಬ್ಬರು ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಎದ್ದರು. ಸಂಘದ ಮಾನ ತೆಗೆಯುತ್ತಾನೆ ಅಂತ ನಾವೆಲ್ಲ ಚಪ್ಪಾಳೆ ತಟ್ಟಿ ಕೂರಿಸಿದೆವು. ಕೈಯಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಎರಡು ವರ್ಷದ ಮೇಲೆ ಅವರು ಹೇಳಿದ್ದೇ ನಿಜವಾಯಿತು. ಕ್ಷಮೆ ಕೇಳಲು ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಆ ಹಾಳೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅದಕ್ಕೇ ಹೇಳುತ್ತೇನೆ ಮಗಾ, ಯಾರ ಬಾಯಿ ಮುಚ್ಚಿಸುವ ಕಾನೂನು ಬಂದರೂ ಅದು ನಾಳೆ ನಿನ್ನ ವಿರೋಧಿಗಳ ಕೈಗೆ ಸಿಕ್ಕರೆ ಹೇಗೆ ಅಂತ ಮೊದಲು ಯೋಚಿಸು. ನಿನ್ನ ಕಡೆಯವರು ಒಬ್ಬನನ್ನು ಮುತ್ತಿಕೊಂಡಾಗ ಅವನು ಹೇಳಿದ್ದನ್ನು ಪೂರ್ತಿ ಓದದೆ ಕೈ ಸೇರಿಸಬೇಡ.

ಹಸಿದವನಿಗೆ ಬರೀ ಸ್ವಾತಂತ್ರ್ಯ ಕಟ್ಟಿಕೊಂಡು ಏನಾಗಬೇಕು ಅಂತ ಕೇಳಿದ್ದೀಯ. ನ್ಯಾಯವಾದ ಪ್ರಶ್ನೆ. ಬದುಕಲು ಕಸುವಿಲ್ಲದಿದ್ದರೆ ಅದು ಸ್ವಾತಂತ್ರ್ಯವೇ ಅಲ್ಲ ಅಂತ ಇಂಗ್ಲಿಷ್ ತತ್ವಜ್ಞಾನಿ ಟಿ. ಎಚ್. ಗ್ರೀನ್ ಹತ್ತೊಂಬತ್ತನೆಯ ಶತಮಾನದಲ್ಲೇ ವಾದಿಸಿದ. ಎಲ್ಲವನ್ನೂ ಸರ್ಕಾರದ ಕೈಗೆ ಕೊಟ್ಟರೆ ಗುಲಾಮಗಿರಿಗೆ ದಾರಿ ಅಂತ 1944ರಲ್ಲಿ ಅರ್ಥಶಾಸ್ತ್ರಜ್ಞ ಹಯೆಕ್ ಎಚ್ಚರಿಸಿದ. ನಾನು ಗ್ರೀನ್ ಕಡೆಗೇ ವಾಲುತ್ತೇನೆ. ನಿನಗೆ ಇಬ್ಬರೂ ಒಪ್ಪಿಗೆಯಾಗದಿದ್ದರೆ ಯಾಕೆ ಅಂತ ವಿವರವಾಗಿ ಬರೆ, ಈ ಸಲದ ಹಾಗೆ ಒಂದೇ ಸಾಲಿನಲ್ಲಿ ಬೇಡ. ಕಾಯುತ್ತಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ