ಮುಖಪುಟಕ್ಕೆ ತಾರೆಯ ಚಿತ್ರವೊಂದೇ ಸಾಲದು

ಮಾನ್ಯರೇ,

ಜನಪ್ರಿಯ ನಟರ ಚಿತ್ರ ಹಾಕಿದರೆ ಸಿನಿಮಾ ಪತ್ರಿಕೆಯ ಮುಖಪುಟ ಮುಗಿಯಿತು ಎಂಬ ಮಾತನ್ನು ಒಪ್ಪಲಾಗದು. ಅಂಗಡಿಯಲ್ಲಿ ಪತ್ರಿಕೆಗಳು ಒಂದನ್ನೊಂದು ಮರೆಮಾಡಿಕೊಂಡು ಕೂತಿರುತ್ತವೆ. ಎಷ್ಟೋ ಸಲ ಕಾಣುವುದು ಮೇಲಂಚು ಇಲ್ಲವೇ ಎಡಬದಿ ಮಾತ್ರ. ಅದಕ್ಕೇ ಹೆಸರು ಮೇಲೆ, ಮುಖ್ಯ ಶೀರ್ಷಿಕೆಗಳು ಎಡಕ್ಕೆ. ನಟನ ತಲೆ ಪತ್ರಿಕೆಯ ಹೆಸರನ್ನು ಸ್ವಲ್ಪ ಮುಚ್ಚಬಹುದು, ಆದರೆ ಆ ಹೆಸರು ಓದುಗರಿಗೆ ಆಗಲೇ ಪರಿಚಿತವಾಗಿದ್ದರೆ ಮಾತ್ರ. ಹೊಸ ಪತ್ರಿಕೆ ಇದನ್ನು ಅನುಕರಿಸಿದರೆ ಗುರುತೇ ಸಿಗದು.

ಅಭಿಮಾನಿಗಳನ್ನು ಸೆಳೆಯಲು ಕಣ್ಣಲ್ಲಿ ಕಣ್ಣಿಟ್ಟು ನೋಡುವ ಕ್ಲೋಸಪ್, ಗಾಢ ಬಣ್ಣ, ಐದಾರು ಶೀರ್ಷಿಕೆ ಬೇಕು. ವಿಮರ್ಶೆ ಓದುವವರಿಗೆ ಒಂದೇ ದೃಶ್ಯ, ಧಾರಾಳ ಖಾಲಿ ಜಾಗ ಸಾಕು. 1951ರಲ್ಲಿ ಶುರುವಾದ ಫ್ರಾನ್ಸಿನ ಸಿನಿಮಾ ವಿಮರ್ಶೆಯ ಪತ್ರಿಕೆ ‘ಕಾಯೆ ದು ಸಿನೆಮಾ’ ಹಳದಿ ಹೊದಿಕೆಯ ಮೇಲೆ ಕಪ್ಪು-ಬಿಳುಪಿನ ಚಿತ್ರವಿಟ್ಟೇ ಗುರುತಾಯಿತು. ಎರಡೂ ಬಗೆಯನ್ನು ಬೆರೆಸಲು ಹೋದರೆ ಇಬ್ಬರೂ ಕೈಗೆತ್ತಿಕೊಳ್ಳುವುದಿಲ್ಲ.

ಒಳ್ಳೆಯ ವಿನ್ಯಾಸ ಹಾಳಾಗುವುದು ಹೆಚ್ಚಾಗಿ ಮುದ್ರಣದಲ್ಲಿ. ಪರದೆಯಲ್ಲಿ ಹೊಳೆಯುವ ನೀಲಿ, ಹಸಿರು ನಾಲ್ಕು ಬಣ್ಣದ ಶಾಯಿಯಲ್ಲಿ ಮಂಕಾಗುತ್ತವೆ. ಮೊದಲೇ ಚಿತ್ರವನ್ನು ಸಿಎಂವೈಕೆಗೆ, ಅಂದರೆ ಅಚ್ಚಿನ ಆ ನಾಲ್ಕು ಬಣ್ಣಗಳಿಗೆ, ಬದಲಿಸಿ ನೋಡಬೇಕು. ಅಚ್ಚಿನ ಅಳತೆಯಲ್ಲಿ ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಚಿತ್ರ) ಬಿಡದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯಬಹುದು. ಸಣ್ಣ ಅಕ್ಷರಗಳಿಗೆ ನಾಲ್ಕೂ ಬಣ್ಣ ಬೆರೆತ ಕಪ್ಪು ಬೇಡವೇ ಬೇಡ: ಒಂದು ಬಣ್ಣದ ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಅಕ್ಷರ ಮಸುಕಾಗುತ್ತದೆ. ಬಾರ್‌ಕೋಡಿಗೂ ಬಿಳಿ ಹಿನ್ನೆಲೆಯ ಜಾಗವನ್ನು ಚಿತ್ರ ಆರಿಸುವಾಗಲೇ ಕಾದಿರಿಸಬೇಕು.

– ಒಬ್ಬ ಮುಖಪುಟ ವಿನ್ಯಾಸಕ