ಐದು ವರ್ಷ ತುಂಬಿದ ಎರಡು ಹಲ್ಲುಗಳು

ಕಳೆದ ವಾರ ಬಳ್ಳಾರಿಯಲ್ಲಿ ಎಕ್ಸ್-ರೇ ತೆಗೆಸಿದೆ. ಅದನ್ನು ಬೆಳಕಿಗೆ ಹಿಡಿದ ಡಾಕ್ಟರ್ ಹೇಳಿದ್ದು ಇಷ್ಟೇ: "ಮೂಳೆ ಇದ್ದಲ್ಲೇ ಇದೆ ಮೇಡಂ, ಆರು ತಿಂಗಳು ಬಿಟ್ಟು ಬನ್ನಿ." ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಇಳಿಸಿದ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಕೂರಿಸಿದ ನನ್ನ ಎರಡು ಹಲ್ಲುಗಳಿಗೆ ಈ ತಿಂಗಳು ಐದು ವರ್ಷ ತುಂಬಿದೆ. ಒಂದು ಮೇಲಿನ ಸಾಲಿನ ಮುಂದಿನ ಹಲ್ಲು, ಇನ್ನೊಂದು ಕೆಳಗಿನ ಬಲಗಡೆಯ ದವಡೆ ಹಲ್ಲು. ಎರಡೂ ಗಟ್ಟಿಯಾಗಿವೆ. ಅವು ಹೀಗೆ ನಿಲ್ಲಲು ಕಾರಣರಾದವರಿಗೆ ಒಮ್ಮೆಯಾದರೂ ಬಹಿರಂಗವಾಗಿ ಕೈಮುಗಿಯಬೇಕು ಎನ್ನಿಸಿದೆ. ಹೆಸರು ಬರೆಯುವುದಿಲ್ಲ, ಓದಿದರೆ ಅವರಿಗೇ ತಿಳಿಯುತ್ತದೆ.

ಮೊದಲ ನಮಸ್ಕಾರ, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ನನ್ನನ್ನು ವಾಪಸ್ ಕಳಿಸಿದ ಡಾಕ್ಟರಿಗೆ.

ಕೊಪ್ಪಳದಿಂದ ರಜೆ ಹಾಕಿ, ಹಣ ಹೊಂದಿಸಿಕೊಂಡು, ಅಂದೇ ಕೆಲಸ ಶುರುವಾಗುತ್ತದೆ ಎಂದು ನಂಬಿ ರೈಲು ಹತ್ತಿದ್ದೆ. ಅವರು ಬಿದ್ದುಹೋದ ಹಲ್ಲಿನ ಜಾಗವನ್ನು ನೋಡಿದ್ದು ಕಡಿಮೆ, ಉಳಿದ ಹಲ್ಲುಗಳನ್ನು ನೋಡಿದ್ದೇ ಹೆಚ್ಚು. ಗೆರೆ ಹಾಕಿದ ತೆಳ್ಳನೆಯ ಕಡ್ಡಿಯೊಂದನ್ನು ಒಂದೊಂದು ಹಲ್ಲಿನ ವಸಡಿನ ಸಂದಿಗೂ ಇಳಿಸಿ, "ನಾಲ್ಕು, ಆರು, ಐದು, ಆರು" ಎಂದು ಹೇಳುತ್ತಾ ಹೋದರು. ಪಕ್ಕದಲ್ಲಿ ನಿಂತ ಹುಡುಗಿ ಬರೆದುಕೊಳ್ಳುತ್ತಾ ಹೋದಳು. ಅವು ವಸಡು ಹಲ್ಲಿನಿಂದ ಎಷ್ಟು ಮಿಲಿಮೀಟರ್ ಬಿಟ್ಟುಕೊಂಡಿದೆ ಎಂಬ ಲೆಕ್ಕ. ಮೂರರೊಳಗಿದ್ದರೆ ಆರೋಗ್ಯ. ಆಮೇಲೆ ರಕ್ತಪರೀಕ್ಷೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಒಂಬತ್ತನ್ನು ದಾಟಿತ್ತು. ಚೀಟಿಯ ಹಿಂಬದಿಯಲ್ಲಿ ಹಲ್ಲು, ವಸಡು, ಮೂಳೆಯ ಚಿತ್ರ ಬರೆದು ಅವರು ಕೇಳಿದರು: "ಹಸಿ ಗೋಡೆಗೆ ಮೊಳೆ ಹೊಡೆದರೆ ನಿಲ್ಲುತ್ತದೆಯೇ ಅಮ್ಮಾ?"

ಸಕ್ಕರೆ ಏರಿದ್ದರೆ ಗಾಯ ಮಾಯುವುದು ನಿಧಾನ, ಸೋಂಕು ಬೇಗ. ಮೂಳೆ ಟೈಟಾನಿಯಂ ಸ್ಕ್ರೂವನ್ನು ಸರಿಯಾಗಿ ಹಿಡಿಯುವುದಿಲ್ಲ. ವಸಡಿನ ರೋಗಕ್ಕೆ ಮದ್ದು ಮಾಡದೆ ಇಂಪ್ಲಾಂಟ್ ಹಾಕಿದರೆ, ಮೊದಲಿನ ಹಲ್ಲನ್ನು ಸಡಿಲ ಮಾಡಿದ ಕ್ರಿಮಿಗಳೇ ಹೊಸದರ ಬುಡಕ್ಕೂ ಸೇರಿಕೊಳ್ಳುತ್ತವೆ. ಇಂಪ್ಲಾಂಟಿಗೆ ಹುಳುಕು ಹತ್ತುವುದಿಲ್ಲ ನಿಜ, ಆದರೆ ಅದರ ಸುತ್ತಲಿನ ವಸಡಿಗೆ, ಮೂಳೆಗೆ ರೋಗ ಬರುತ್ತದೆ. ಇದನ್ನೆಲ್ಲ ಹೊರಗೆ ಸಾಲು ಕಾಯುತ್ತಿದ್ದರೂ ಅವರು ಅವಸರವಿಲ್ಲದೆ ವಿವರಿಸಿದರು. ಮೊದಲು ವಸಡು, ಮೊದಲು ಸಕ್ಕರೆ, ಆಮೇಲೆ ಸ್ಕ್ರೂ ಎಂದರು. ಕೈಗೆ ಬಂದ ಹಣವನ್ನು ಬೇಡ ಎಂದು ತಿಂಗಳುಗಟ್ಟಲೆ ಮುಂದೂಡುವ ವೈದ್ಯರು ಸಿಕ್ಕಿದ್ದು ನನ್ನ ಪುಣ್ಯ. ಅದೇ ದಿನಗಳಲ್ಲಿ ಇನ್ನೊಂದು ಕಡೆ, ಬಾಯಿ ತೆರೆಸಿ ಒಮ್ಮೆ ಇಣುಕಿ, ಹಬ್ಬದ ರಿಯಾಯಿತಿಯಲ್ಲಿ ಮೂರೇ ದಿನದಲ್ಲಿ ಹಲ್ಲು ಕೊಡುತ್ತೇವೆ ಎಂದಿದ್ದರು. ಕೆಲವರ ಬಾಯಿಗೆ ಬೇಗನೆ ಹಲ್ಲು ಕೂರಿಸಲು ಸಾಧ್ಯವಂತೆ. ಆದರೆ ನನ್ನ ಸಕ್ಕರೆ ಎಷ್ಟು ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಡಾಕ್ಟರ್ ಇನ್ನೊಂದು ಉಪಕಾರ ಮಾಡಿದರು. ಇಂಪ್ಲಾಂಟ್ ಒಂದೇ ದಾರಿ ಎನ್ನಲಿಲ್ಲ. ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಪ್ಲೇಟ್ ಇದೆ, ಅಗ್ಗ, ಹಾಕಿಕೊಂಡರೆ ಏನೂ ಕಡಿಮೆಯಿಲ್ಲ ಎಂದರು. ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಬ್ರಿಜ್ ಕಟ್ಟಬಹುದು, ಬೇಗ ಮುಗಿಯುತ್ತದೆ, ಆದರೆ ಅದಕ್ಕೆ ಆ ಚೆನ್ನಾಗಿರುವ ಹಲ್ಲುಗಳನ್ನು ಅರೆಯಬೇಕು ಎಂದರು. ಇಂಪ್ಲಾಂಟಿಗೆ ಒಂದು ಹಲ್ಲಿಗೇ ಹತ್ತಾರು ಸಾವಿರ ಖರ್ಚು, ತಿಂಗಳುಗಟ್ಟಲೆ ಕಾಯಬೇಕು. ಪಕ್ಕದ ಹಲ್ಲಿನ ತಂಟೆಗೆ ಹೋಗುವುದಿಲ್ಲ, ಖಾಲಿ ಜಾಗದ ಮೂಳೆ ಸವೆಯುವುದನ್ನು ತಡೆಯಲು ನೆರವಾಗುತ್ತದೆ. "ಜೀವನಪರ್ಯಂತ ಗ್ಯಾರಂಟಿ ಇದೆಯೇ" ಎಂದು ನಮ್ಮ ಮನೆಯವರು ಕೇಳಿದಾಗ ಅವರು ಆ ಮಾತು ಕೊಡಲಿಲ್ಲ. ಚೆನ್ನಾಗಿ ನೋಡಿಕೊಂಡರೆ ಸ್ಕ್ರೂ ದಶಕಗಳ ಕಾಲ ಇರಬಹುದು, ಅದರ ಮೇಲೆ ಕೂರಿಸುವ ಹಲ್ಲು, ಅಂದರೆ ಕ್ಯಾಪ್, ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕಾಗಬಹುದು ಎಂದರು. ಆ ಉತ್ತರ ಕೇಳಿದ ಮೇಲೆಯೇ ನನಗೆ ಅವರ ಮೇಲೆ ಪೂರ್ತಿ ಭರವಸೆ ಬಂದದ್ದು.

ಸಕ್ಕರೆ ಇಳಿಯುವ ತನಕದ ಆ ತಿಂಗಳುಗಳಲ್ಲಿ ನಾನು ಈ ಲೋಹದ ಕಥೆಯನ್ನು ಹುಡುಕಿ ಓದಿದೆ. ವಿಜ್ಞಾನ ಕಲಿಸುವವಳು, ಓದದೆ ಇರಲಾಗಲಿಲ್ಲ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಮೊಲದ ಕಾಲಿನಲ್ಲಿ ಟೈಟಾನಿಯಂನ ಸಣ್ಣ ಸಾಧನವೊಂದನ್ನು ಕೂರಿಸಿದ್ದರು. ಪ್ರಯೋಗ ಮುಗಿದು ತೆಗೆಯಲು ಹೋದರೆ ಬರಲಿಲ್ಲ; ಮೂಳೆ ಅದನ್ನು ಕಚ್ಚಿ ಹಿಡಿದು ಬೆಳೆದಿತ್ತು. 1965ರಲ್ಲಿ ಗೋಸ್ತಾ ಲಾರ್ಸನ್ ಎಂಬ ವ್ಯಕ್ತಿ ತಮ್ಮ ಕೆಳದವಡೆಯನ್ನು ಈ ಹೊಸ ಚಿಕಿತ್ಸೆಗೆ ಒಡ್ಡಿದರು. ಹುಟ್ಟಿನಿಂದಲೇ ದವಡೆಯ ದೋಷವಿದ್ದವರು, ಕೆಳಗೆ ಹಲ್ಲೇ ಇರಲಿಲ್ಲ. ಅವರಿಗಿಂತ ಮುಂಚೆ ಈ ರೀತಿ ಇಂಪ್ಲಾಂಟ್ ಹಾಕಿಸಿಕೊಂಡವರು ಯಾರೂ ಇಲ್ಲ. 2006ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷ, ಅವು ಅವರ ಬಾಯಿಯಲ್ಲಿ ಕೆಲಸ ಮಾಡಿದವು. ಬೇರೆ ದೇಶಗಳ ದಂತವೈದ್ಯರು ಇದನ್ನು ವ್ಯಾಪಕವಾಗಿ ಒಪ್ಪತೊಡಗಿದ್ದು 1982ರ ಟೊರಾಂಟೊ ಸಮ್ಮೇಳನದ ನಂತರ. ಬ್ರೋನೆಮಾರ್ಕ್ 2014ರಲ್ಲಿ ತೀರಿಕೊಂಡರು. ಸ್ವೀಡನ್ನಿಗೂ ಕೊಪ್ಪಳಕ್ಕೂ ಎತ್ತಣಿಂದೆತ್ತ ಸಂಬಂಧ! ಆದರೂ ಹೇಳುತ್ತೇನೆ: ಮೊದಲು ಬಾಯಿ ತೆರೆದ ಲಾರ್ಸನ್ ಅವರಿಗೆ ನನ್ನ ವಂದನೆ. ಆ ಮೊಲಗಳಿಗೂ.

ಈಗ ಹತ್ತನೇ ತರಗತಿಗೆ ಲೋಹಗಳ ಪಾಠ ಮಾಡುವಾಗ, ಅಲ್ಯೂಮಿನಿಯಂ ತನ್ನ ಮೇಲೆ ಆಕ್ಸೈಡಿನ ಪದರ ಕಟ್ಟಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂಬ ಮಾತು ಬಂದಾಗ ಟೈಟಾನಿಯಂ ಅನ್ನೂ ಸೇರಿಸುತ್ತೇನೆ. ಅದರ ಮೇಲಿನ ಅಂಥದೇ ಪದರದಿಂದಾಗಿ ದೇಹ ಅದನ್ನು ಪರಕೀಯವೆಂದು ತಳ್ಳುವುದಿಲ್ಲ. ಮಕ್ಕಳು ಆ ದಿನ ತುಂಬಾ ಪ್ರಶ್ನೆ ಕೇಳುತ್ತಾರೆ.

ಸ್ಕ್ರೂ ಕೂರಿಸಿದ ದಿನದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಒತ್ತಿದಂತೆ, ನಡುಗಿದಂತೆ ಅನ್ನಿಸಿತೇ ಹೊರತು ನೋವಾಗಲಿಲ್ಲ. ಹೊಲಿಗೆ ಹಾಕಿ ಕಳಿಸಿದರು.

ಆಮೇಲಿನ ದಿನಗಳು ನಮ್ಮ ಅತ್ತೆಯವರದು. ಬಿಸಿಯದು ಬೇಡ, ಗಟ್ಟಿಯದು ಬೇಡ, ಖಾರ ಬೇಡ ಎಂದಿದ್ದರು ಡಾಕ್ಟರ್. ಖಾರವಿಲ್ಲದ ಅಡುಗೆ ನಮ್ಮ ಕಡೆ ಕಾಯಿಲೆಯವರಿಗೂ ಮಾಡುವುದು ಅಪರೂಪ. ಅತ್ತೆ ಬೆಳಿಗ್ಗೆ ಎದ್ದು ಜೋಳದ ನುಚ್ಚು ಬೇಯಿಸಿ, ಆರಿಸಿ, ಮಜ್ಜಿಗೆ ಕಲಸಿ ಡಬ್ಬಿಗೆ ಹಾಕಿ ಕೊಡುತ್ತಿದ್ದರು. ಹೆಸರುಬೇಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ, ಒಂದು ಕಾಳು ಗಟ್ಟಿಯಿದ್ದರೂ ಮತ್ತೆ ಒಲೆಗೆ ಇಡುತ್ತಿದ್ದರು. ತಮಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವಿದೆ; ಒಂದು ದಿನವೂ ತಪ್ಪಿಸಲಿಲ್ಲ. ಅತ್ತೆ, ನೀವು ಇದನ್ನು ಓದುವುದಿಲ್ಲ ಎಂದು ಗೊತ್ತು. ಮೊಮ್ಮಗಳು ಓದಿ ಹೇಳುತ್ತಾಳೆ, ಕೂತು ಕೇಳಬೇಕು.

ಮೂಳೆ ಸ್ಕ್ರೂವಿಗೆ ಬೆಸೆದುಕೊಳ್ಳಲು ಕೆಳದವಡೆಯಲ್ಲಿ ಮೂರು ತಿಂಗಳ ಆಸುಪಾಸು, ಮೇಲ್ದವಡೆಯ ಮೂಳೆ ಮೆದುವಾದ್ದರಿಂದ ಅಲ್ಲಿ ಇನ್ನೂ ಹೆಚ್ಚು ಸಮಯ ಬೇಕು. ಅಷ್ಟೂ ಕಾಲ ಮುಂದಿನ ಖಾಲಿ ಜಾಗಕ್ಕೆ ಒಂದು ಹಲ್ಲಿನ ತಾತ್ಕಾಲಿಕ ಪ್ಲೇಟ್ ಹಾಕಿಕೊಂಡು ಪಾಠ ಮಾಡಿದೆ. ಮಾತು ಜಾರುತ್ತಿತ್ತು, ಬೇಗ ದಣಿವಾಗುತ್ತಿತ್ತು. ಹೇಳದೆಯೇ ಅದನ್ನು ಗಮನಿಸಿ ನನ್ನ ತರಗತಿಗಳನ್ನು ಬಿಡಿಬಿಡಿಯಾಗಿ ಹಂಚಿದ ಮುಖ್ಯೋಪಾಧ್ಯಾಯರಿಗೆ, ಪ್ರಾರ್ಥನೆಯ ಸರದಿಯನ್ನು ತಾವೇ ಹೊತ್ತುಕೊಂಡ ಸಹೋದ್ಯೋಗಿಗಳಿಗೆ ನಾನು ಋಣಿ.

ಇನ್ನು ಯಾರೂ ಮುಖ ನೋಡದ ಒಬ್ಬರ ವಿಷಯ. ಡಾಕ್ಟರು ಅಳತೆ ತೆಗೆದು ಕಳಿಸಿದ ಮೇಲೆ ಹಲ್ಲನ್ನು ನಿಜವಾಗಿ ಕೈಯಿಂದ ಮಾಡುವವರು ಲ್ಯಾಬಿನ ತಂತ್ರಜ್ಞರು. ನಾನು ಬೆಳೆದದ್ದು ಕುಷ್ಟಗಿ ಕಡೆಯ ಹಳ್ಳಿಯಲ್ಲಿ, ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು. ಹಲ್ಲಿನ ಹೊರಪದರ ಮೂಡುವ ವಯಸ್ಸಿನಲ್ಲಿ ಅಂಥ ನೀರು ಕುಡಿದವರ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಉಳಿದುಬಿಡುತ್ತವೆ; ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಮ್ಮ ಓರಗೆಯವರ ನಗುವನ್ನು ನೋಡಿದರೆ ಊರು ಯಾವುದೆಂದು ತಿಳಿಯುತ್ತಿತ್ತು. ಮುಂದಿನ ಹಲ್ಲಿನ ಬಣ್ಣ ಗೊತ್ತುಮಾಡಲು ಆ ಅಣ್ಣ ಲ್ಯಾಬಿನಿಂದ ತಾವೇ ಆಸ್ಪತ್ರೆಗೆ ಬಂದರು. ಟ್ಯೂಬ್‌ಲೈಟಿನ ಕೆಳಗೆ ಬೇಡ ಎಂದು ನನ್ನನ್ನು ಕಿಟಕಿಯ ಬಳಿ ಕೂರಿಸಿದರು. ನಾಲಿಗೆಯಿಂದ ಹಲ್ಲನ್ನು ಒದ್ದೆ ಮಾಡಿಕೊಳ್ಳಿ, ಒಣಗಿದರೆ ಬಿಳುಪಾಗಿ ಕಾಣುತ್ತದೆ ಎಂದರು. ಬಣ್ಣದ ಮಾದರಿ ಹಲ್ಲುಗಳನ್ನು ಒಂದೊಂದಾಗಿ ಪಕ್ಕದಲ್ಲಿ ಹಿಡಿದು ನೋಡಿದರು. ಕೊನೆಗೆ ಬಹಳ ಸಂಕೋಚದಿಂದ, "ಬೆಳ್ಳಗೆ ಮಾಡಲೇ, ನಿಮ್ಮ ಹಲ್ಲುಗಳ ಹಾಗೆಯೇ ಮಾಡಲೇ ಅಕ್ಕಾ?" ಎಂದು ಕೇಳಿದರು. ನನ್ನವುಗಳ ಹಾಗೆಯೇ ಎಂದೆ. ಅವರು ಪಿಂಗಾಣಿಯ ಮೇಲೆ ಸಣ್ಣ ಕುಂಚದಿಂದ ಕಂದು ಎಳೆಯೊಂದನ್ನು ಎಳೆದು, ಅಂಚಿನಲ್ಲಿ ಮೋಡದಂಥ ಬಿಳಿ ಮಚ್ಚೆ ಇಟ್ಟು, ಕುಲುಮೆಯಲ್ಲಿ ಸುಟ್ಟು ಕಳಿಸಿದರು. ನನ್ನ ತಂಗಿಗೆ ಇವತ್ತಿಗೂ ಯಾವುದು ಕಟ್ಟಿಸಿದ ಹಲ್ಲು ಎಂದು ಗುರುತಿಸಲಾಗಿಲ್ಲ. ಅಣ್ಣಾ, ಅದು ನಿಮ್ಮ ಕೈಚಳಕ. ನನ್ನ ಊರಿನ ನೀರಿನ ಗುರುತನ್ನು ನೀವು ಅಳಿಸದೆ ಉಳಿಸಿಕೊಟ್ಟಿರಿ. ನಾನು ಕನ್ನಡಿಯಲ್ಲಿ ನನ್ನನ್ನೇ ಕಂಡೆ.

ಹಲ್ಲುಗಳ ನಡುವೆ ತೂರುವ ಪುಟ್ಟ ಬ್ರಷ್ ಹಿಡಿಯುವುದನ್ನು ಕಲಿಸಿದ ನರ್ಸ್ ತಂಗಿಗೂ ಕೃತಜ್ಞತೆ. ರಕ್ತ ಬಂದರೆ ಹೆದರಿ ಬಿಡಬೇಡಿ, ಫೋನ್ ಮಾಡಿ ಎಂದಿದ್ದಳು. ಇಂಪ್ಲಾಂಟಿನ ಸುತ್ತ ಸಹಜ ಹಲ್ಲಿಗಿರುವ ನಾರಿನ ಪದರ ಇರುವುದಿಲ್ಲ, ಎಷ್ಟು ಬಲವಾಗಿ ಕಚ್ಚುತ್ತಿದ್ದೇವೆ ಎಂಬ ಅರಿವು ಕಡಿಮೆ, ಅಡಿಕೆ ಕಡಿಯಬೇಡಿ ಎಂದು ಎಚ್ಚರಿಸಿದವಳೂ ಅವಳೇ. ಅಡಿಕೆ ಬಿಟ್ಟಿದ್ದೇನೆ. ಕಟಕ ರೊಟ್ಟಿ ಬಿಟ್ಟಿಲ್ಲ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಹಳ್ಳಿಹಳ್ಳಿಗಳಿಂದ ಗಾಡಿಗಳಲ್ಲಿ ಬಂದ ರೊಟ್ಟಿಯನ್ನು ಎರಡೂ ಕಡೆ ಅಗಿದು ತಿನ್ನುತ್ತೇನೆ.

ಕೊನೆಯದಾಗಿ, ಶಿಕ್ಷಕರ ಪತ್ತಿನ ಸಹಕಾರ ಸಂಘದಲ್ಲಿ ನನ್ನ ಸಾಲಕ್ಕೆ ಜಾಮೀನು ಸಹಿ ಹಾಕಿದ ಗೆಳತಿಗೆ. ಹಲ್ಲಿಗೆ ಇಷ್ಟೊಂದು ಸಾಲವೇ ಎಂದು ಊರೆಲ್ಲ ಕೇಳಿದಾಗ, ಎಲ್ಲಿ ಸಹಿ ಮಾಡಬೇಕು ಎಂದಷ್ಟೇ ಕೇಳಿದವಳು ನೀನು. ಕಂತುಗಳೆಲ್ಲ ತೀರಿದವು, ನಿನ್ನ ಹೆಸರು ಆ ಕಡತದಿಂದ ಬಿಡುಗಡೆಯಾಯಿತು. ನಿನ್ನ ಅವ್ವನ ದವಡೆ ಹಲ್ಲಿನ ವಿಷಯ ಮೊನ್ನೆ ಹೇಳಿದೆಯಲ್ಲ, ಬರುವ ಶನಿವಾರ ಮಧ್ಯಾಹ್ನದ ರೈಲಿಗೆ ನಾನೂ ಬರುತ್ತೇನೆ. ಅವರ ಸಕ್ಕರೆಯ ರಿಪೋರ್ಟು, ಬಿಪಿ ಮಾತ್ರೆಯ ಚೀಟಿ, ಮೂಳೆ ಸವೆತಕ್ಕೆ ಏನಾದರೂ ಔಷಧ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿ, ಮೂರನ್ನೂ ಮರೆಯದೆ ಚೀಲಕ್ಕೆ ಹಾಕಿಕೋ. ಅವನ್ನು ಡಾಕ್ಟರ್ ಮೊದಲೇ ಕೇಳುತ್ತಾರೆ.